ಒಂದು ಚಿಟಿಕೆ ಕೇಸರಿ

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂಬ ಗಾದೆಯನ್ನು ನಮ್ಮ ಹಿರಿಯರು ಯಾರನ್ನೋ ಆಡಿಕೊಳ್ಳಲು ಕಟ್ಟಿದರು. ಪಾಪ, ಮುಂದೊಂದು ದಿನ ಆ ಮಲ್ಲಿಗೆ ಹೂವಿನಿಂದಲೇ ಒಬ್ಬಳ ಮನೆ ನಡೆಯುತ್ತದೆ ಎಂದು ಅವರಿಗೆ ಗೊತ್ತಿರಲಿಲ್ಲ. ಕೃಷ್ಣಗಿರಿ ರಸ್ತೆಯಲ್ಲಿರುವ ಮಾವಿನ ಜ್ಯೂಸಿನ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ನನಗೆ ಕೆಲಸ. ಹಣ್ಣು, ಸಕ್ಕರೆ, ನೀರು ಇವೆಲ್ಲ ಹೊಟ್ಟೆಯ ಕಡೆಯವು. ಅವುಗಳ ಉಸಾಬರಿ ಬೇರೆಯವರದು. ತಿಂದವರ ಮೈಗೆ ಗುಲಗಂಜಿಯಷ್ಟೂ ಕಸುವು ಕೊಡದ, ಆದರೆ ಇಲ್ಲದೇ ಹೋದರೆ ಯಾರೂ ಬಾಟಲಿಯನ್ನು ಮೂಸಿಯೂ ನೋಡದ ಸಾಮಾನುಗಳಿವೆಯಲ್ಲ, ಅವು ನನ್ನ ಸುಪರ್ದಿನಲ್ಲಿರುತ್ತವೆ.

ಮಾವಿನ ಹಣ್ಣಿನ ಬಣ್ಣ ಹಣ್ಣಿನಲ್ಲೇ ಇರುತ್ತದೆ ಎಂದು ನೀವು ನಂಬಿದ್ದರೆ ಸಂತೋಷ, ನಂಬಿಕೊಂಡಿರಿ. ಕೃಷ್ಣಗಿರಿಯ ತೋಟಗಳಿಂದ ಲಾರಿಗಟ್ಟಲೆ ಬರುವ ಗಿಣಿಮೂತಿ ಮಾವಿನ ತಿರುಳನ್ನು ಕಾಯಿಸಿ, ನೀರು ಬೆರೆಸಿ, ಮತ್ತೆ ಕಾಯಿಸಿದ ಮೇಲೆ ಅದು ತೊಳೆದೂ ತೊಳೆದೂ ಹಳತಾದ ಪಂಚೆಯ ಹಾಗೆ ಕಾಣುತ್ತದೆ. ಮಾವಿಗೆ ಮಾವಿನ ಬಣ್ಣ ಬಳಿಯುವುದು ನಮ್ಮ ಮೊದಲ ಕರ್ತವ್ಯ. ತಿರುಳು ತಳಕ್ಕೆ ಕೂತು ಮೇಲೆ ನೀರು ನಿಂತರೆ ಗಿರಾಕಿಗೆ ಸತ್ಯ ಗೊತ್ತಾಗಿಬಿಡುತ್ತದೆ. ಅದಕ್ಕೊಂದು ಗೋಂದಿನ ಪುಡಿ. ಹುಳಿಗೊಂದು ಪುಡಿ, ಕೆಡದಿರಲು ಒಂದು ಪುಡಿ. ಕಾಯಿಸುವಾಗ ಓಡಿಹೋದ ಮಾವಿನ ವಾಸನೆಯನ್ನು ವಾಪಸು ಕರೆತರಲು ಒಂದು ಸೀಸೆಯಲ್ಲಿ ಎಣ್ಣೆಯಂಥದ್ದು ಬರುತ್ತದೆ, ಅದರ ಮುಚ್ಚಳ ತೆಗೆದರೆ ಇಡೀ ಲ್ಯಾಬೇ ಮಾವಿನ ತೋಪು. ಇವಕ್ಕೆಲ್ಲ ಜೈಲಿನ ಕೈದಿಗಳ ಹಾಗೆ ನಂಬರುಗಳಿವೆ. ನೂರಾಹತ್ತು ಎಂದರೆ ಕಿತ್ತಳೆ ಬಣ್ಣ, ಮುನ್ನೂರಾಮೂವತ್ತು ಎಂದರೆ ಹುಳಿ. ಸರ್ಕಾರ ಇಷ್ಟೇ ಹಾಕಿ ಎಂದಿದೆ, ನಾವು ಅಷ್ಟೇ ಹಾಕುತ್ತೇವೆ. ಅಷ್ಟನ್ನು ತೂಗಿ ಕೊಡುವವಳು ನಾನು. ಬಾಟಲಿಯ ಹಿಂದೆ ಇರುವೆ ಕಾಲಿನಂಥ ಅಕ್ಷರಗಳಲ್ಲಿ ಎಲ್ಲವನ್ನೂ ಪ್ರಾಮಾಣಿಕವಾಗಿ ಬರೆದಿರುತ್ತೇವೆ. ಓದುವವರಿಗೆ ಕಣ್ಣಿಲ್ಲದಿದ್ದರೆ ಅದು ಕಾರ್ಖಾನೆಯ ತಪ್ಪಲ್ಲ.

ಇದೇ ಕಾರ್ಖಾನೆಯಲ್ಲಿ ಇನ್ನೊಂದು ಬಾಟಲಿಯೂ ತಯಾರಾಗುತ್ತದೆ. ಅದೇ ಹಣ್ಣು, ಅದೇ ನೀರು, ಬಣ್ಣ ಮಾತ್ರ ಇಲ್ಲ. ಅದರ ಮುಂಭಾಗದಲ್ಲಿ ಎರಡು ಬೆರಳಗಲದ ಅಕ್ಷರಗಳಲ್ಲಿ ‘ಬಣ್ಣ ಸೇರಿಸಿಲ್ಲ’ ಎಂದು ಮೂರು ಭಾಷೆಗಳಲ್ಲಿ ಅಚ್ಚಾಗಿದೆ. ಹಾಕಿದ್ದನ್ನು ಇರುವೆಕಾಲಿನಲ್ಲಿ, ಹಾಕದೇ ಇದ್ದುದನ್ನು ಆನೆಕಾಲಿನಲ್ಲಿ ಬರೆಯುವುದೇ ವ್ಯಾಪಾರ. ಅದಕ್ಕೆ ಬೆಲೆಯೂ ಹೆಚ್ಚು. ಶನಿವಾರ ಬೆಂಗಳೂರಿನಿಂದ ಕಾರಿನಲ್ಲಿ ಬರುವವರು ಅದನ್ನೇ ಕೇಳಿ ಕೊಳ್ಳುತ್ತಾರೆ. ಕೊಂಡು, ಆ ಪಂಚೆಯ ಬಣ್ಣವನ್ನು ನೋಡಿ, ಹಾಳಾಗಿದೆಯೇನೋ ಎಂದು ಫೋನ್ ಮಾಡುತ್ತಾರೆ.

ನಮ್ಮ ಬಾಡಿಗೆ ಮನೆ ತಮಿಳುನಾಡಿನ ಅಂಚಿನ ಜೂಜುವಾಡಿಯಲ್ಲಿತ್ತು. ಗಂಡ ಹೊಸೂರಿನ ಒಂದು ಫ್ಯಾಕ್ಟರಿಯಲ್ಲಿ ಶಿಫ್ಟಿನ ಕೆಲಸ ಮಾಡುತ್ತಿದ್ದರು. ಜೂಜುವಾಡಿ ಎಂದರೆ ನಿಂತ ಲಾರಿಗಳು, ನಿಲ್ಲದ ಹಾರನ್ನು, ಮತ್ತು ಒಂದೇ ಮಾತನ್ನು ಮೂರು ಭಾಷೆಯಲ್ಲಿ ಮುಗಿಸುವ ಜನ. ಹತ್ತು ನಿಮಿಷ ನಡೆದರೆ ಅತ್ತಿಬೆಲೆ, ಅಂದರೆ ಕರ್ನಾಟಕ. ಗಡಿಯಲ್ಲಿದ್ದರೆ ಎರಡು ಸರ್ಕಾರಗಳ ಕಾಳಜಿ ಒಟ್ಟಿಗೆ ಸಿಗುತ್ತದೆ. ಈ ಕಡೆಯ ಸರ್ಕಾರ ಬಾಂಬೆ ಮಿಠಾಯಿಗೆ ಗುಲಾಬಿ ಬಣ್ಣ ಕೂಡದು ಎಂದಿತು. ನಮ್ಮ ಬೀದಿಯ ಮಕ್ಕಳು ಅತ್ತಿಬೆಲೆಗೆ ಹೋಗಿ ತಿಂದು ಬಂದರು. ಆಮೇಲೆ ಆ ಕಡೆಯ ಸರ್ಕಾರ ಗೋಬಿ ಮಂಚೂರಿಗೆ ಕೆಂಪು ಬಣ್ಣ ಕೂಡದು ಎಂದಿತು. ದೊಡ್ಡವರು ಈ ಕಡೆ ಬಂದು ತಿಂದರು. ನಮ್ಮ ಬೀದಿ ತುದಿಯ ಗೋಬಿ ಗಾಡಿಯವನು ಒಮ್ಮೆ ಒಳ್ಳೆಯವನಾಗಲು ಹೋಗಿ ‘ಕಲರ್ ಇಲ್ಲ’ ಎಂದು ಬೋರ್ಡು ಹಾಕಿದ. ಬೆಳ್ಳಗಿನ ಗೋಬಿಯನ್ನು ಜನ ಆಸ್ಪತ್ರೆಯ ಊಟ ನೋಡಿದ ಹಾಗೆ ನೋಡಿ ಮುಂದೆ ಹೋದರು. ಒಂದು ವಾರದಲ್ಲಿ ಬೋರ್ಡು ಹೋಯಿತು, ಗೋಬಿಗೆ ಜೀವ ಬಂತು.

ಇಂಥ ಊರಿನಲ್ಲಿ, ಇಂಥ ಕೆಲಸದಲ್ಲಿದ್ದಾಗ ನಾನು ಬಸುರಿಯಾದೆ. ಸುದ್ದಿ ಮುಟ್ಟಿದ ವಾರದಲ್ಲೇ ಅತ್ತೆ ಗಡಿಯ ಈ ಕಡೆಯಲ್ಲೇ ಇರುವ ಗುಮ್ಮಳಾಪುರದಿಂದ ಬಂದಿಳಿದರು. ಮಾವನವರು ಹೊಲ, ಹಸು ಬಿಟ್ಟು ಬರುವವರಲ್ಲ. ಅತ್ತೆ ಒಬ್ಬರೇ ಮೂಟೆಯೊಂದಿಗೆ ಬಸ್ಸಿಳಿದರು. ಮೂಟೆಯಲ್ಲಿ ರಾಗಿ, ಹುರುಳಿ, ತೊಗರಿ, ಹುಣಸೆಹಣ್ಣು, ಬೆಲ್ಲ. ಬಾಗಿಲಲ್ಲೇ ನಿಂತು ನಮ್ಮ ಅಡುಗೆಮನೆಯ ಶೆಲ್ಫಿನತ್ತ ಕಣ್ಣು ಹಾಯಿಸಿ, ‘ಇನ್ಮ್ಯಾಕೆ ಈ ಮನೇಲಿ ಕೆಮಿಕಲ್ಲು ಗಿಮಿಕಲ್ಲು ಇರ್ಕೂಡ್ದು ಕಣಮ್ಮಣ್ಣಿ. ನೀನು ಫ್ಯಾಕ್ಟ್ರೀಲಿ ಏನಾನ ಕಲ್ಸ್ಕೋ, ಹೊಟ್ಟೆಗೆ ಮಾತ್ರ ನಮ್ಮೂರಿಂದು’ ಎಂದು ಆಜ್ಞೆ ಹೊರಡಿಸಿದರು.

ಅವರ ತೊಗರಿಗೆ ಕೆಮ್ಮಣ್ಣು ಕಟ್ಟಿತ್ತು, ಹುಳ ಬೀಳದಿರಲಿ ಎಂದು. ಬೇಳೆಗೆ ಹರಳೆಣ್ಣೆ ಸವರಿತ್ತು. ಹುಣಸೆಹಣ್ಣಿಗೆ ಕಲ್ಲುಪ್ಪು ಹಾಕಿ ಅದುಮಿತ್ತು. ಬೆಲ್ಲ ಬೇಯುವಾಗ ಕೊಪ್ಪರಿಗೆಗೆ ಸುಣ್ಣದ ನೀರು ಬಿದ್ದಿತ್ತು, ಕೊಳೆ ಮೇಲೆ ಬರಲೆಂದು ಬೆಂಡೆಗಿಡದ ಲೋಳೆಯೂ ಬಿದ್ದಿತ್ತು. ಎಲೆಅಡಿಕೆಗೆ ಸುಣ್ಣವಂತೂ ದಿನಕ್ಕೆ ನಾಲ್ಕು ಸಲ. ಇವು ಯಾವುವೂ ಕೆಮಿಕಲ್ಲಲ್ಲ, ಏಕೆಂದರೆ ಇವಕ್ಕೆ ನಂಬರಿಲ್ಲ. ನಾನು ಈ ಮಾತನ್ನು ಒಮ್ಮೆ ಆಡಿಯೂ ನೋಡಿದೆ. ‘ಬೆಂಡೆಕಾಯಿ ಕೆಮಿಕಲ್ಲಾ? ಓದಿದ್ದು ಜಾಸ್ತಿ ಆಗೈತೆ ನಿಂಗೆ’ ಎಂದು ಮುದ್ದೆ ತಿರುವಲು ಕೂತರು.

ಒಂದು ದಿನ ಸಂಜೆ ಅತ್ತೆಯ ನಾದಿನಿಯಿಂದ ಫೋನು ಬಂತು. ಮಾವನವರ ತಂಗಿ ಅವರು. ಇಡೀ ವಂಶಕ್ಕೆ ಒಬ್ಬರೇ ಕೆಂಪಗೆ ಹುಟ್ಟಿದವರು, ಅದನ್ನು ಇಷ್ಟು ವರ್ಷವಾದರೂ ಮರೆತವರಲ್ಲ, ಬೇರೆಯವರಿಗೂ ಮರೆಯಲು ಬಿಟ್ಟವರಲ್ಲ. ಫೋನಿನ ಸ್ಪೀಕರ್ ಆನ್ ಆಗಿತ್ತು. ‘ಅತ್ತಿಗೇ, ಕೇಸರಿ ಹಾಲು ಕೊಡ್ತಿದ್ದೀಯೋ ಇಲ್ವೋ? ನಾನು ನನ್ನ ಸೊಸೆಗೆ ದಿನಾ ಕೊಟ್ಟೆ. ಕೂಸು ನೋಡು, ಬೆಣ್ಣೆ ಮುದ್ದೆ. ನಿನ್ನ ಸೊಸೆ ಬಣ್ಣ ನಿನ್ನ ಮಗನ ಬಣ್ಣ ಎರಡೂ ಒಟ್ಗೆ ಸೇರಿದ್ರೆ ಏನಾಯ್ತದೋ, ನೀನೇ ಯೋಚ್ನೆ ಮಾಡು’ ಎಂದರು. ನಾನು ಪಕ್ಕದಲ್ಲೇ ಬಟ್ಟೆ ಮಡಿಸುತ್ತಿದ್ದೆ. ಅತ್ತೆ ನನ್ನ ಮುಖ ನೋಡದೆ ಫೋನ್ ಇಟ್ಟರು.

ಬಸುರಿ ಕೇಸರಿ ಹಾಕಿದ ಹಾಲು ಕುಡಿದರೆ ಮಗು ಬೆಳ್ಳಗಾಗುತ್ತದೆ ಎಂಬುದು ನಮ್ಮಲ್ಲಿ ಹಳೆಯ ನಂಬಿಕೆ. ಹಾಲು ಬೆಳ್ಳಗಿದೆ, ಕೇಸರಿ ಕೆಂಪಗಿದೆ, ಎರಡೂ ಹೊಟ್ಟೆಯೊಳಗೆ ಹೋಗಿ ಮಗುವಿಗೆ ಎರಡು ಕೋಟು ಹೊಡೆಯುತ್ತವೆ ಎಂಬ ಲೆಕ್ಕಾಚಾರವಿರಬೇಕು. ಹಾಗಾದರೆ ಎರಡು ಹೊತ್ತೂ ರಾಗಿಮುದ್ದೆ ತಿನ್ನುವ ನಮ್ಮ ಕಡೆಯವರು ಏನಾಗಬೇಕು ಎಂದು ಯಾರೂ ಕೇಳುವುದಿಲ್ಲ.

ಮರುದಿನ ನಾನು ಕಂಪನಿ ವ್ಯಾನು ಹತ್ತಿದ ಮೇಲೆ ಅತ್ತೆ ಬೀದಿಯ ಅಂಗಡಿಗೆ ಹೋದರು. ಅಲ್ಲಿ ನಡೆದದ್ದನ್ನು ಆಮೇಲೆ ಅವರೇ ನಟಿಸಿ ತೋರಿಸಿದ್ದಾರೆ. ‘ಕೇಸರಿ ಕೊಡಪ್ಪಾ’ ಎಂದರಂತೆ. ‘ಕೇಸರಿಯಾ? ಇಂದಾಂಗಮ್ಮಾ’ ಎಂದು ಅಂಗಡಿಯವನು ಪುಟ್ಟ ಡಬ್ಬಿಯೊಂದನ್ನು ಮುಂದಿಟ್ಟನಂತೆ. ಅತ್ತೆ ಹುಷಾರಿನವರು, ಹಾಗೆಲ್ಲ ಮೋಸ ಹೋಗುವವರಲ್ಲ, ‘ಒಳ್ಳೇದು ತಾನೆ?’ ಎಂದು ವಿಚಾರಿಸಿದರು. ‘ನಲ್ಲಾ ಕಲರ್ ವರುಂ ಅಮ್ಮಾ’ ಎಂದನಂತೆ ಅವನು, ಒಳ್ಳೇ ಬಣ್ಣ ಬರುತ್ತೆ ಎಂದು. ಅತ್ತೆಗೆ ಬೇಕಿದ್ದುದು ಅದೇ ಒಂದು ಭರವಸೆ. ತಮಿಳಿನವನ ಬಾಯಲ್ಲಿ ದೇವರೇ ಬಂದು ಹೇಳಿಸಿದ ಎಂದು ಸೆರಗಿನಲ್ಲಿ ಕಟ್ಟಿಕೊಂಡು ಬಂದರು.

ಅದರ ಮಾರನೆಯ ಬೆಳಿಗ್ಗೆ ವ್ಯಾನಿಗೆ ಹೊತ್ತಾಗಿತ್ತು. ಅತ್ತೆ ಸ್ಟೀಲ್ ಲೋಟ ಹಿಡಿದು ಬಾಗಿಲಿಗೆ ಅಡ್ಡ ನಿಂತರು. ‘ಕುಡ್ದು ಹೋಗು, ಒಂದ್ ಚಿಟ್ಕೆ ಕೇಸರಿ ಹಾಕಿವ್ನಿ.’ ಆ ಗಡಿಬಿಡಿಯಲ್ಲಿ ಲೋಟದೊಳಕ್ಕೆ ಯಾರು ನೋಡುತ್ತಾರೆ? ಗಟಗಟನೆ ಕುಡಿದು ಓಡಿದೆ.

ಲ್ಯಾಬಿನಲ್ಲಿ ನನ್ನ ಜೊತೆ ಕೆಲಸ ಮಾಡುವ ಹುಡುಗಿ ಅಂಚೆಟ್ಟಿ ಕಡೆಯವಳು. ಬೆಟ್ಟ ಇಳಿದು, ಬಸ್ಸಿಗೆ ಕಾದು, ಎಲ್ಲರಿಗಿಂತ ಮೊದಲು ಬಂದಿರುತ್ತಾಳೆ. ನಾನು ಬಾಯಿ ತೆರೆದು ಗುಡ್ ಮಾರ್ನಿಂಗ್ ಎನ್ನುವಷ್ಟರಲ್ಲಿ ಗಾಬರಿಯಾಗಿ, ‘ಅಯ್ಯೋ ಅಕ್ಕಾ, ಹೊಟ್ಟೇಲಿ ಮಗು ಇಟ್ಕೊಂಡು ಬಣ್ಣದ ಬ್ಯಾಚ್ ಯಾಕೆ ಟೇಸ್ಟ್ ಮಾಡಿದ್ರಿ? ನಾಲ್ಗೆ ನೋಡ್ಕೊಳಿ!’ ಎಂದಳು. ಬ್ಯಾಚೇ ಇನ್ನೂ ಶುರುವಾಗಿರಲಿಲ್ಲ. ಕೈತೊಳೆಯುವ ಜಾಗದ ಕನ್ನಡಿಯಲ್ಲಿ ನಾಲಿಗೆ ಚಾಚಿದೆ. ಕಿತ್ತಳೆ. ಅಂತಿಂಥ ಕಿತ್ತಳೆಯಲ್ಲ, ನಾನು ದಿನಾ ತೂಗುವ ಕಿತ್ತಳೆ. ಬೇರೆ ಯಾರ ನಾಲಿಗೆಯಾದರೂ ಗುರುತು ಸಿಗುತ್ತಿರಲಿಲ್ಲವೇನೋ, ಆ ಬಣ್ಣದ ಗುರುತು ನನಗೆ ಸಿಗದೇ ಇರುತ್ತದೆಯೇ? ಮನೆಯಲ್ಲಿ ಕೆಮಿಕಲ್ಲು ಕೂಡದು ಎಂದ ಅತ್ತೆ ನೂರಾಹತ್ತನ್ನು ಹಾಲಿನಲ್ಲಿ ಕದಡಿ ಕುಡಿಸಿದ್ದರು.

ಸಂಜೆ ಬಂದವಳೇ ಶೆಲ್ಫು ಹುಡುಕಿದೆ. ಡಬ್ಬಿ ದೇವರ ಪಟದ ಕೆಳಗೆ, ವಿಭೂತಿಯ ಪಕ್ಕದಲ್ಲಿ ಪೂಜ್ಯ ಸ್ಥಾನದಲ್ಲಿತ್ತು. ಮೇಲೆ ತಮಿಳಿನಲ್ಲಿ ಕೇಸರಿ ಪೌಡರ್ ಎಂದಿತ್ತು, ತಟ್ಟೆ ತುಂಬ ಕೇಸರಿಬಾತಿನ ಚಿತ್ರವಿತ್ತು, ಹಿಂದೆ ಇರುವೆಕಾಲಿನಲ್ಲಿ ನನ್ನ ಹಳೆಯ ಸ್ನೇಹಿತನ ನಂಬರು. ಅಂಗಡಿಯವನದೇನೂ ತಪ್ಪಿಲ್ಲ. ತಮಿಳಿನಲ್ಲಿ ಕೇಸರಿ ಎಂದರೆ ಕೇಸರಿಬಾತು, ಅಥವಾ ಅದಕ್ಕೆ ಹಾಕುವ ಬಣ್ಣ. ನಾವು ಕೇಸರಿ ಎನ್ನುವ ಹೂವಿನ ಎಸಳಿಗೆ ಅವರು ಕುಂಕುಮಪ್ಪೂ ಎನ್ನುತ್ತಾರೆ, ತೆಲುಗಿನವರೂ ಕುಂಕುಮಪುವ್ವು ಎನ್ನುತ್ತಾರೆ. ಬೀದಿಯ ಮೂರು ಭಾಷೆಗಳಲ್ಲಿ ಎರಡು ಒಂದು ಕಡೆ ನಿಂತಿವೆ, ಕನ್ನಡ ಒಂದೇ ಹಟ ಹಿಡಿದು ಕೇಸರಿ ಎನ್ನುತ್ತದೆ. ಆ ಹಟದ ಫಲ ನನ್ನ ನಾಲಿಗೆಯ ಮೇಲಿತ್ತು.

ಇದನ್ನು ವಿವರಿಸಿದಾಗ ಅತ್ತೆಯ ಮುಖ ಮೊದಲು ಬಿಳಿಚಿತು. ‘ಕೂಸಿಗೇನಾನ ಆಯ್ತದಾ?’ ಎಂದು ಎರಡು ಸಲ ಕೇಳಿದರು. ಅವರ ಸಮಾಧಾನಕ್ಕೆ ಡಾಕ್ಟರಮ್ಮನಿಗೆ ಫೋನ್ ಮಾಡಿದೆ. ಅವರು ನಕ್ಕು, ಒಂದು ಲೋಟದಿಂದ ಏನೂ ಆಗೋಲ್ಲ, ಇನ್ನು ಕುಡಿಯಬೇಡಿ ಅಷ್ಟೆ ಎಂದರು. ಗಾಬರಿ ಇಳಿದ ಮೇಲೆ ಅತ್ತೆಗೆ ಸಿಟ್ಟು ಏರಿತು. ‘ಹೂವಿಗೆ ಕುಂಕುಮ ಅಂತಾರೆ, ಬಣ್ಣಕ್ಕೆ ಕೇಸರಿ ಅಂತಾರೆ! ಇವ್ರ ಭಾಷೆ ಮನೆ ಹಾಳಾಗ!’ ಎಂದು ಇಡೀ ತಮಿಳುನಾಡಿಗೆ ಶಾಪ ಹಾಕಿದರು. ಹುಟ್ಟಿದಾಗಿನಿಂದ ಅದೇ ರಾಜ್ಯದ ಅಕ್ಕಿ ತಿಂದವರು ಎಂದು ನೆನಪಿಸುವ ಧೈರ್ಯ ನನಗೆ ಬರಲಿಲ್ಲ.

ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಎಲ್ಲಿಯ ಮುಗಿಯುವುದು! ಎರಡೇ ದಿನದಲ್ಲಿ ಅತ್ತೆ ಹೊಸ ಪದವನ್ನು ಬಾಯಿಪಾಠ ಮಾಡಿಕೊಂಡು ಮತ್ತೆ ಅಂಗಡಿಗೆ ಹೊರಟರು. ದಾರಿಯಲ್ಲಿ ಎದುರಾದ ಲಾರಿ ಹಾರನ್ ಹೊಡೆದ ಹೊಡೆತಕ್ಕೆ ಕುಂಕುಮಪ್ಪೂವಿನ ಪೂ ಉದುರಿಹೋಗಿರಬೇಕು. ಕುಂಕುಮದ ಪೊಟ್ಟಣ ಹಿಡಿದು ಬಂದರು. ಈ ಸಲ ಮೋಸ ಹೋಗಿದ್ದು ಅವರಿಗೇ ಗೊತ್ತಾಯಿತು. ನನ್ನ ಮುಖ ನೋಡಿ, ‘ದೇವ್ರಿಗೂ ಖಾಲಿ ಆಗಿತ್ತು ಬಿಡು’ ಎಂದರು.

ಮೂರನೆಯ ಸಲ ಮಗನಿಗೆ ಕೆಲಸ ಹಚ್ಚಿದರು. ‘ಅತ್ತಿಬೆಲೆಗೆ ಹೋಗಿ ತಗಂಬಾರ್ಲಾ. ಅಲ್ಲಿ ಕೇಸರಿ ಅಂದ್ರೆ ಕೇಸರೀನೇ ಕೊಡ್ತಾರೆ. ನಮ್ಮ ಭಾಷೆ ಕಣ್ಲಾ ಅಲ್ಲಿ, ಸುಳ್ಳು ಹೇಳಲ್ಲ!’ ನನ್ನ ಗಂಡ ಹೆಂಡತಿ ಮತ್ತು ತಾಯಿಯ ನಡುವೆ ಯಾವ ಮಾತೂ ಆಡದೆ ಬದುಕುವ ವಿದ್ಯೆಯಲ್ಲಿ ಪಳಗಿದವರು. ಗಾಡಿ ಹತ್ತಿ ಹೋದರು, ಬೆರಳ ತುದಿಯಷ್ಟಗಲದ ಪ್ಲಾಸ್ಟಿಕ್ ಪೆಟ್ಟಿಗೆ ತಂದರು. ಒಳಗೆ ಹತ್ತಿಯ ಹಾಸಿಗೆಯ ಮೇಲೆ ಕೆಂಪಗಿನ ಎಳೆಗಳು ಮಹಾರಾಣಿಯರ ಹಾಗೆ ಮಲಗಿದ್ದವು. ಡಬ್ಬಿಗೆ ಕೊಟ್ಟದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಕೊಟ್ಟಿದ್ದರು, ಎಷ್ಟೆಂದು ಬಾಯಿ ಬಿಡಲಿಲ್ಲ.

ಬಣ್ಣದವಳ ಕಣ್ಣು ಸುಮ್ಮನಿರಬೇಕಲ್ಲ. ‘ಅತ್ತೆ, ಒಂದ್ನಿಮಿಷ’ ಎಂದು ಬಿಳಿ ಬಟ್ಟಲಲ್ಲಿ ಉಗುರುಬೆಚ್ಚಗಿನ ನೀರು ಹಾಕಿ ಎರಡು ಎಳೆ ಬಿಟ್ಟೆ. ನಿಜವಾದ ಕೇಸರಿಗೆ ಆತುರವಿಲ್ಲ. ನಿಧಾನಕ್ಕೆ ನೀರನ್ನು ಹೊಂಬಣ್ಣ ಮಾಡುತ್ತದೆ, ತಾನು ಕೆಂಪಾಗಿಯೇ ಉಳಿಯುತ್ತದೆ. ಇವು ನೀರಿಗೆ ಬಿದ್ದ ಕೂಡಲೇ ಕೆಂಪನ್ನೆಲ್ಲ ಕಕ್ಕಿ, ತಾವು ಬಿಳಿಚಿಕೊಂಡು ತೇಲಿದವು. ಅತ್ತೆ ಕನ್ನಡಕ ಹಾಕಿಕೊಂಡು ಒಂದು ಎಳೆಯನ್ನು ಎರಡು ಬೆರಳಲ್ಲಿ ಹಿಡಿದು ಬೆಳಕಿಗೆ ತಿರುಗಿಸಿದರು.

‘ಅಯ್ ಶಿವನೆ! ಇದು ಜೋಳದ ತೆನೆ ಕೂದ್ಲು ಕಣಮ್ಮಣ್ಣಿ! ನಮ್ಮೊಲದಲ್ಲಿ ಹಸ ಕೂಡ ಮುಟ್ಟಲ್ಲ ಇದ್ನ!’

ಮೂವರೂ ನಕ್ಕೆವು. ನನ್ನ ಗಂಡನಂತೂ ಬೇಗನೆ ನಕ್ಕು ಹೊರಗೆ ಹೋದರು, ಬೆಲೆ ಕೇಳುವ ಮೊದಲು. ಸುಳ್ಳಾಡದ ಭಾಷೆಯಲ್ಲಿ ಕೇಸರಿ ಕೇಳಿ ಜೋಳದ ಕೂದಲು ತಂದದ್ದನ್ನು ನಾನು ಎರಡು ಮೂರು ಸಲ ಎತ್ತಿ ಎತ್ತಿ ಆಡಿದೆ. ನಾಲ್ಕನೆಯ ಸಲ ಆಡುವಾಗ ನೋಡಿದರೆ ಅತ್ತೆ ನಗುತ್ತಿರಲಿಲ್ಲ. ಬಟ್ಟಲನ್ನೇ ನೋಡುತ್ತಾ ಕೂತಿದ್ದರು.

‘ನಿಮ್ ಫ್ಯಾಕ್ಟ್ರೀಲಿ ಹಾಕ್ತೀರಲ್ಲ ಬಣ್ಣ, ಅದ್ರಾಗೆ ಏನೈತೆ?’ ಎಂದರು.

‘ಏನೂ ಇಲ್ಲ ಅತ್ತೆ. ರುಚೀನೂ ಇಲ್ಲ, ಶಕ್ತೀನೂ ಇಲ್ಲ. ಕಣ್ಣಿಗೆ ಅಷ್ಟೆ.’

‘ಏನೂ ಇಲ್ದಿದ್ದನ್ನ ಯಾಕ್ ಹಾಕ್ತೀರಾ ಮತ್ತೆ?’

‘ಹಾಕ್ದಿದ್ರೆ ಯಾರೂ ತಗಳಲ್ಲ.’

ಅತ್ತೆ ತಲೆಯಾಡಿಸಿದರು. ‘ಅದು ನಂಗೊತ್ತು’ ಎಂದರು. ಆಮೇಲೆ, ನಾನು ಕೇಳದೆಯೇ, ಗಂಡಿನವರು ಅವರನ್ನು ಹೆಣ್ಣು ನೋಡಲು ಬಂದ ದಿನದ ಕತೆ ಹೇಳಿದರು.

ಬೇಸಿಗೆಯಂತೆ. ಅವರ ತಾಯಿ ಪಕ್ಕದ ಮನೆಯಿಂದ ಪೌಡರ್ ಡಬ್ಬಿ ಕಡ ತಂದು, ಹುಡುಗಿಯ ಮುಖ, ಕತ್ತು, ಕೈಗಳಿಗೆಲ್ಲ ಬಳಿದು ಕೂರಿಸಿದ್ದರಂತೆ. ಗಂಡಿನ ಕಡೆಯವರು ಬರುವುದು ತಡವಾಯಿತು. ಹೆಂಚಿನ ಮನೆ, ಮೈತುಂಬ ಬೆವರು. ಪಾನಕದ ಲೋಟ ಕೊಡಲು ಬಗ್ಗಿದಾಗ ಕೆನ್ನೆಯ ಮೇಲಿಂದ ಬಿಳಿ ನೀರು ಇಳಿಯಿತು.

‘ನಮ್ಮ ನಾದ್ನಿ ಆಗಿನ್ನ ಲಂಗ ಹಾಕ್ತಿದ್ಲು. ಕೂಗ್ಬುಟ್ಲು, ‘ಅಮ್ಮಾ, ಬಣ್ಣ ಹೋಗ್ತೈತೆ ನೋಡಮ್ಮಾ’ ಅಂತ. ಎಲ್ರೂ ನಕ್ರು. ನಮ್ಮಪ್ಪನೂ ನಕ್ಕ. ಏನ್ಮಾಡ್ತಾನೆ ಪಾಪ.’

ಹೊಲಕ್ಕೆ ಹೊಲ ಹತ್ತಿಕೊಂಡಿದ್ದರಿಂದ ಮದುವೆಯೇನೋ ಆಯಿತು. ಆ ಮನೆಯಲ್ಲಿ ಅತ್ತೆಗೆ ಹೆಸರಿರಲಿಲ್ಲ. ಅವರ ಅತ್ತೆ ‘ಕರೀದು’ ಎಂದು ಕರೆಯುತ್ತಿದ್ದರು. ಕರೀದೇ ನೀರು ತಾ, ಕರೀದೇ ಸಗಣಿ ಬಾಚು. ಕೊಟ್ಟಿಗೆಯಲ್ಲೊಂದು ಎಮ್ಮೆಯಿತ್ತು, ಅದಕ್ಕೂ ಅದೇ ಹೆಸರು.

‘ಅವ್ರು ಕೂಗುದ್ರೆ ಇಬ್ರೂ ತಿರುಗ್ತಿದ್ವಿ, ನಾನೂವೆ ಎಮ್ಮೇನೂವೆ’ ಎಂದು ಅತ್ತೆ ನಕ್ಕರು. ‘ಬೆಳ್ಳಗಿನ ಕೂಸೇ ಬೇಕು ಅಂತ ನಂಗೇನೂ ಇಲ್ಲ ಕಣಮ್ಮ. ಬೆಳ್ಳಗಿರೋದೆಲ್ಲ ಹಾಲಲ್ಲ, ನಂಗೂ ಗೊತ್ತು. ಹೆಣ್ಣೇನಾನ ಹುಟ್ಟಿ, ಯಾರಾನ ಅದ್ಕೆ ಎಮ್ಮೆ ಹೆಸ್ರು ಇಕ್ಬುಟ್ರೆ? ಅಷ್ಟೇಯ. ಅದೊಂದ್ಕೇ ನಾನು ಹಿಂಗೆ ಅಂಗ್ಡಿ ಅಂಗ್ಡಿ ಅಲ್ದಿದ್ದು.’

ನಾನು ಎಲ್ಲದಕ್ಕೂ ಒಂದು ಕೊಂಕು ಮಾತು ರೆಡಿ ಇಟ್ಟುಕೊಂಡಿರುವವಳು. ಆ ಹೊತ್ತಿನಲ್ಲಿ ಒಂದೂ ಸಿಗಲಿಲ್ಲ. ಸಿಟ್ಟು ಬಂತು. ಸತ್ತುಹೋದ ಒಬ್ಬ ಮುದುಕಿಯ ಮೇಲೆ, ಲಂಗ ಹಾಕಿದ್ದ ಒಂದು ಹುಡುಗಿಯ ಮೇಲೆ, ನಕ್ಕ ಅಪ್ಪನ ಮೇಲೆ. ಯಾರ ಮೇಲೆ ಹರಿಹಾಯಬೇಕೋ ತಿಳಿಯದೆ ಅತ್ತೆಯ ಮೇಲೆಯೇ ಹರಿಹಾಯ್ದೆ. ‘ಹಂಗಿದ್ಮೇಲೆ ನನ್ನ ಯಾಕೆ ಒಪ್ಕೊಂಡ್ರಿ? ನಾನೇನು ಬೆಳ್ಳಗಿದ್ದೀನಾ?’

‘ನಿಂಗೆ ಪೌಡ್ರು ಹಾಕಿರ್ಲಿಲ್ಲ’ ಎಂದರು ಅತ್ತೆ. ‘ನಮ್ಮುನ್ನ ನೋಡ್ಕೊಂಡು ಹಂಗೇ ಕೂತಿದ್ದೆ. ಈ ಹುಡ್ಗಿ ಎದ್ರಕೊಳ್ಳಲ್ಲ ಅನ್ಕೊಂಡೆ.’

ಬಟ್ಟಲಿನ ನೀರನ್ನು ಚೆಲ್ಲಲು ಎದ್ದರು. ಚೆಲ್ಲಿ ಬಂದವರು ಫ್ರಿಜ್ಜಿನಲ್ಲಿದ್ದ ನಮ್ಮ ಕಾರ್ಖಾನೆಯ ಬಾಟಲಿಯನ್ನು ತೆಗೆದರು. ನೌಕರರಿಗೆ ಕೊಡುವ ಬಾಟಲಿ, ಬಣ್ಣವಿಲ್ಲದ್ದು. ಕನ್ನಡದ ಅಕ್ಷರಗಳ ಮೇಲೆ ಬೆರಳಿಟ್ಟು ಓದಿದರು. ‘ಬಣ್ಣ... ಸೇರ್ಸಿಲ್ಲ. ಅಂದ್ರೆ?’ ನಾನು ಹೇಳಿದೆ. ಬಣ್ಣ ಹಾಕದ್ದಕ್ಕೆ ಬೆಲೆ ಹೆಚ್ಚು ಎಂದೂ ಹೇಳಿದೆ. ಅತ್ತೆಗೆ ನಂಬಿಕೆಯಾಗಲಿಲ್ಲ. ‘ಹಾಕ್ದೇ ಇರೋದ್ಕೆ ಜಾಸ್ತಿ ಕೊಡ್ತಾರಾ? ಬೆಂಗ್ಳೂರ್ನೋರ ತಲೆ ಕೆಟ್ಟೈತೆ’ ಎಂದು ತುಂಬಾ ಹೊತ್ತು ನಕ್ಕರು. ಆ ಬಾಟಲಿಯನ್ನು ಆಮೇಲೆ ತೊಳೆದು, ಚೀಟಿ ಕೀಳದೆ, ಹರಳೆಣ್ಣೆ ತುಂಬಿಟ್ಟುಕೊಂಡರು. ಕೇ‍ಸರಿಯ ಮಾತು ಮತ್ತೆ ಬರಲಿಲ್ಲ. ಹಾಲು ಬಂತು, ಬೆಲ್ಲ ಹಾಕಿ.

ಹೆರಿಗೆಗೆ ಹೊಸೂರಿನ ನನ್ನ ಅಮ್ಮನ ಮನೆಗೆ ಹೋದೆ. ಹೆಣ್ಣು ಮಗು. ನನ್ನ ಬಣ್ಣ ಮತ್ತು ನನ್ನ ಗಂಡನ ಬಣ್ಣ ಒಟ್ಟಿಗೆ ಸೇರಿದರೆ ಏನಾಗುತ್ತದೆ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿತು. ಅತ್ತೆಯ ಬಣ್ಣವಾಗುತ್ತದೆ. ಅಚ್ಚ ರಾಗಿಯ ಬಣ್ಣ, ಹೊಳೆಯುವ ಕಪ್ಪು. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ಎನ್ನಲಿ, ಅಷ್ಟು ಚೆಂದದ ಮಗುವನ್ನು ನಾನು ಕಂಡಿಲ್ಲ. ಆದರೂ ನಿಜ ಹೇಳುತ್ತೇನೆ, ನನಗೆ ಭಯವಿತ್ತು. ಮಗು ಕಂಡ ಮೊದಲ ಗಳಿಗೆಯಲ್ಲಿ ಅತ್ತೆಯ ಮುಖ ಹೇಗಾಗುತ್ತದೋ ಎಂದು ಆಸ್ಪತ್ರೆಯ ಮಂಚದ ಮೇಲಿಂದ ಅದನ್ನೇ ಕಾದು ನೋಡುತ್ತಿದ್ದೆ. ಅತ್ತೆ ಮಗುವನ್ನು ಎತ್ತಿಕೊಂಡು ಕಿಟಕಿಯ ಹತ್ತಿರ ಹೋಗಿ, ನನಗೆ ಬೆನ್ನು ಹಾಕಿ ನಿಂತರು. ಅವರ ಮುಖ ನನಗೆ ಕಾಣಲೇ ಇಲ್ಲ.

ಆಸ್ಪತ್ರೆಯಿಂದ ಅಮ್ಮನ ಮನೆಗೆ ಬಂದ ಮೇಲೆ ಒಂದು ದಿನ ಮಗುವನ್ನು ನೋಡಲು ಅತ್ತೆಯ ನಾದಿನಿ ಬಂದರು. ಜೊತೆಗೆ ಅತ್ತೆಯೂ ಇದ್ದರು. ನಾದಿನಿ ಅಂಗಡಿಯಿಂದ ಲಾಡು ತಂದಿದ್ದರು. ನಮ್ಮ ಕಾರ್ಖಾನೆ ನಾಚಬೇಕು, ಅಂಥ ಕಿತ್ತಳೆ. ತಾವೇ ಡಬ್ಬಿ ಬಿಚ್ಚಿ, ಎಲ್ಲರಿಗೂ ಒಂದೊಂದು ಕೊಟ್ಟು, ತಾವೂ ಒಂದು ತಿನ್ನುತ್ತಾ ತೊಟ್ಟಿಲ ಹತ್ತಿರ ಹೋಗಿ ಬಗ್ಗಿದರು. ಹೊದಿಕೆ ಸರಿಸಿದರು. ಒಂದು ಕ್ಷಣ ಬಾಯಿ ಅಗಿಯುವುದನ್ನು ನಿಲ್ಲಿಸಿತು.

‘ಯಾಕತ್ತಿಗೆ, ಕೇಸರಿ ಹಾಲು ಕೊಡ್ಲಿಲ್ವಾ? ನಾನು ಅಷ್ಟು ಬಡ್ಕೊಂಡೆ. ಇದೇನು ಹಿಂಗೆ, ಕರೀ...’

ಅಮ್ಮ ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತುಬಿಟ್ಟರು. ನಾನು ಬಾಯಿ ತೆರೆದೆ. ನನ್ನ ಹತ್ತಿರ ಈ ಸಲ ಕೊಂಕು ಮಾತು ಇತ್ತು, ಒಂದಲ್ಲ ಹತ್ತು. ಅತ್ತೆ ಕೈ ಎತ್ತಿ ನನ್ನನ್ನು ತಡೆದರು. ಬಚ್ಚಲಿಗೆ ಹೋಗಿ ಮಗುವಿನ ಬಿಳಿ ಪಂಚೆಯ ತುಂಡೊಂದನ್ನು ಒದ್ದೆ ಮಾಡಿ, ಹಿಂಡಿ, ತಂದು ನಾದಿನಿಯ ಕೈಗೆ ಇಟ್ಟರು.

‘ತಗಾ. ಒರ್ಸಿ ನೋಡು’ ಎಂದರು. ‘ಬಣ್ಣ ಹೋಗ್ತೈತಾ ನೋಡು.’

ನಾದಿನಿ ಅತ್ತೆಯ ಮುಖ ನೋಡಿದರು. ಲಂಗ ಹಾಕಿದ್ದ ಹುಡುಗಿಗೆ ಆ ಮಾತು ನೆನಪಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ನೆನಪಿರಲಿ ಎಂದು ಆಸೆಪಟ್ಟೆ.

‘ಹೋಗಲ್ಲ’ ಎಂದರು ಅತ್ತೆ. ‘ಈ ಕೂಸಿಗೆ ಬಣ್ಣ ಸೇರ್ಸಿಲ್ಲ. ಇಂಥದ್ಕೇ ಬೆಲೆ ಜಾಸ್ತಿ ಅಂತೆ.’

ನಾದಿನಿ ಮಗುವನ್ನು ಮುಟ್ಟಲಿಲ್ಲ. ಸ್ವಲ್ಪ ಹೊತ್ತು ಆ ಒದ್ದೆ ಬಟ್ಟೆಯನ್ನು ಏನು ಮಾಡಬೇಕೆಂದು ತಿಳಿಯದೆ ಹಿಡಿದುಕೊಂಡಿದ್ದರು. ಆಮೇಲೆ ಅದರಲ್ಲಿ ತಮ್ಮ ಬೆರಳುಗಳನ್ನೇ ಒರೆಸಿಕೊಂಡರು. ಲಾಡುವಿನ ಕಿತ್ತಳೆಯೆಲ್ಲ ಬಿಟ್ಟುಕೊಂಡು ಬಟ್ಟೆಗೆ ಹತ್ತಿತು.